ವಖಾರದ ಬೆಳಕಿನಲ್ಲಿ ಬಣ್ಣ ಹೇಳುತ್ತಿದ್ದವರು

ಆ ದಿನ ಮೋಡವಿತ್ತು. ಮಳೆ ತರುವ ಮೋಡವಲ್ಲ, ಬಿಸಿಲನ್ನು ಹಿಡಿದುಕೊಂಡು ಸುಮ್ಮನೆ ನಿಂತ ಮೋಡ. ಬೈಲಹೊಂಗಲದ ಪೇಟೆಯಲ್ಲಿ ಹಳೇ ವಖಾರ ಎಂದು ಎಲ್ಲರೂ ಕರೆಯುತ್ತಿದ್ದ ಕಟ್ಟಡದೊಳಗೆ, ಅಟ್ಟಕ್ಕೆ ಹತ್ತುವ ಮೆಟ್ಟಿಲ ಕೆಳಗಿನ ನನ್ನ ಜಾಗದಲ್ಲಿ, ನಾನು ಹೊಲಿಗೆ ಮಷಿನ್ನಿಗೆ ಎಣ್ಣೆ ಬಿಡುತ್ತಿದ್ದೆ. ಎದುರಿನ ಕುಪ್ಪಸದ ಖಣದ ಅಂಗಡಿಯಲ್ಲಿ ಕಾಕಾ ಬಾಗಿಲಿನ ಹಲಗೆಗಳನ್ನು ಒಂದೊಂದಾಗಿ ಕಳಚಿ ಗೋಡೆಗೆ ಆನಿಸಿಟ್ಟರು. ಒಳಗೆ ಊದುಬತ್ತಿ ಹಚ್ಚಿದರು. ಆಮೇಲೆ ಎಂದಿನಂತೆ ನಡುವಿನ ಪಡಸಾಲೆಗೆ ಬಂದು ಕತ್ತೆತ್ತಿ ಬೆಳಕಿಂಡಿಯನ್ನು ನೋಡಿದರು.

"ಇವತ್ತ ಇಂವ ಮಾತಾಡಂಗಿಲ್ಲ, ತಂಗಿ," ಅಂದರು. ಇಂವ ಅಂದರೆ ಸೂರ್ಯ.

ನಾನು ಚೀಲದಿಂದ ಅವ್ವನ ಸೀರೆ ತೆಗೆದೆ. ಅವ್ವ ಹೋಗಿ ವರ್ಷವಾಗಲು ಇನ್ನೂ ಸ್ವಲ್ಪ ದಿನವಿತ್ತು. ಅವಳ ಇಳಕಲ್ ಸೀರೆಗಳಲ್ಲಿ ನನ್ನ ಪಾಲಿಗೆ ಬಂದದ್ದು ಇದೊಂದು. ಸೀರೆ ಗಟ್ಟಿಯಾಗಿತ್ತು, ಅದರ ಜೊತೆಯ ಕುಪ್ಪಸ ಮಾತ್ರ ಎಂದೋ ಹರಿದು ಹೋಗಿತ್ತು. ವರ್ಷಾಂತಿಕ ಮುಗಿದ ಮೇಲೆ ಅದನ್ನು ಉಡಬೇಕು, ಅದಕ್ಕೆ ಸರಿಹೊಂದುವ ಖಣದಲ್ಲಿ ನನ್ನ ಕೈಯಾರೆ ಕುಪ್ಪಸ ಹೊಲಿದುಕೊಳ್ಳಬೇಕು ಎಂದು ನನಗೊಂದು ಆಸೆ. ಅದಕ್ಕೆ ಕಾಕಾ ಆ ಸೀರೆಯ ಬಣ್ಣಕ್ಕೆ ಹೆಸರು ಹೇಳಬೇಕಿತ್ತು. ಗುಳೇದಗುಡ್ಡದಲ್ಲಿ ಅವರಿಗೆ ಬಹಳ ವರ್ಷಗಳಿಂದ ಖಣ ನೇಯ್ದು ಕೊಡುತ್ತಿದ್ದ ಒಬ್ಬ ನೇಕಾರನಿದ್ದ. ಕಾಕಾ ಫೋನಿನಲ್ಲಿ ಬಣ್ಣದ ಹೆಸರು ಹೇಳಿದರೆ ಸಾಕು, ಅವನು ಅದೇ ಬಣ್ಣ ನೇಯ್ದು ಬಸ್ಸಿಗೆ ಹಾಕಿ ಕಳಿಸುತ್ತಿದ್ದ. ಒಬ್ಬರು ಹೇಳಿದ ಹೆಸರಿನಲ್ಲಿ ಇನ್ನೊಬ್ಬರಿಗೆ ಬಣ್ಣ ಕಾಣುತ್ತಿತ್ತು.

ಕಾಕಾ ಸೀರೆಯನ್ನು ಎರಡೂ ಮುಂಗೈಗಳ ಮೇಲೆ ಹರವಿಕೊಂಡು ಪಡಸಾಲೆಯ ನಡುವೆ ನಿಂತರು. ಮುಖ ಒಮ್ಮೆ ಹತ್ತಿರ ತಂದರು, ಒಮ್ಮೆ ದೂರ ಮಾಡಿದರು.

"ಇವತ್ತರ ಹೇಳ್ರಿ, ಕಾಕಾರ."

"ಹೇಳಬಹುದು. ಆದ್ರ ಸುಳ್ಳ ಆಗತದ. ನಾಳೆ ಇಂವ ಬರಲಿ. ನಾಳೆ ಖರೇನ ಹೇಳತೇನಿ."

"ನಾಳೆ ನಾಳೆ ಅನಕೋತ ನೀವು ವಾರ ಕಳದ್ರಿ."

"ನಿಮ್ಮವ್ವ ಇದನ್ನ ಎಷ್ಟ ವರ್ಷ ಉಟ್ಟಾಳ? ಅಕಿ ಅಷ್ಟ ವರ್ಷ ಉಟ್ಟು ಮಾಡಿದ ಬಣ್ಣಾ ಇದು. ಯಾವ ಬಣ್ಣಗಾರನೂ ಮಾಡಿದ್ದಲ್ಲ. ಇದಕ್ಕ ಹೆಸರ ಇಡಬೇಕಂದ್ರ ನನಗ ಒಂದ ವಾರ ಕೊಡಂಗಿಲ್ಲೇನ ನೀ?"

ಚಹಾ ಬಂತು. ಅವರು ತಾಟಿಗೆ ಸುರುವಿಕೊಂಡು ಕುಡಿದರು. ಸಂಪಗಾಂವದಿಂದ ಬಂದ ಇಬ್ಬರು ಹೆಣ್ಣುಮಕ್ಕಳು ಖಣ ಕೇಳಿದರು. ಮೋಡದ ದಿನ ಬಣ್ಣದ ಖಣ ತೋರಿಸುವುದಿಲ್ಲ, ಬೇಕಾದರೆ ಕರಿ ಚಂದ್ರಕಾಳಿ ತೋರಿಸುತ್ತೇನೆ ಎಂದು ಅವರನ್ನು ನಗಿಸಿ ಕಳಿಸಿದರು. ಸಂಜೆ ಹಲಗೆಗಳನ್ನು ಮತ್ತೆ ಬಾಗಿಲ ಚೌಕಟ್ಟಿನ ಸಂದಿಯೊಳಗೆ ಸರಿಸಿದರು. ಕೊನೆಯ ಹಲಗೆ ಯಾವಾಗಲೂ ಹಟಮಾರಿ, ಅದನ್ನು ಹೆಗಲು ಕೊಟ್ಟು ದೂಡಬೇಕು. ದೂಡಿದರು. "ಬರತೇನಿ ತಂಗಿ," ಎಂದು ಛತ್ರಿ ಊರಿಕೊಂಡು ದೊಡ್ಡ ಬಾಗಿಲ ಕಮಾನಿನ ಕೆಳಗೆ ಹೋದರು.

ಮರುದಿನ ಬಿಸಿಲು ಚೆನ್ನಾಗಿ ಬಿತ್ತು. ಬೆಳಕಿಂಡಿಯಿಂದ ಇಳಿದ ಬೆಳಕು ನೆಲದ ಮೇಲೆ ಮೆಲ್ಲಗೆ ಸರಿಯುತ್ತ ಎರಡನೆಯ ಕಂಬದ ಬುಡಕ್ಕೆ ಬಂತು. ಬಣ್ಣ ನೋಡಲು ಕಾಕಾ ನಂಬುತ್ತಿದ್ದ ಹೊತ್ತು ಅದು. ನಾನು ಸೀರೆ ತೆಗೆದಿಟ್ಟುಕೊಂಡು ಕುಳಿತಿದ್ದೆ. ಹಲಗೆಗಳು ಮುಚ್ಚಿಯೇ ಇದ್ದವು. ಸ್ವಲ್ಪ ಹೊತ್ತಿಗೆ ಪಕ್ಕದ ಸೀರೆ ಅಂಗಡಿಯ ಧಣಿ ಹೊರಗಿನಿಂದ ಬಂದು, ತಲೆಯ ಮೇಲಿನ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡು, ನನ್ನ ಮಷಿನ್ನಿನ ಮುಂದೆ ನಿಂತ. ಅವನು ಬಾಯಿ ತೆರೆಯುವ ಮೊದಲೇ ನನಗೆ ತಿಳಿಯಿತು. ಕಾಕಾ ನಸುಕಿನಲ್ಲಿ ನಿದ್ದೆಯಲ್ಲೇ ಹೋಗಿದ್ದರು.

ಅವರು ನನಗೆ ಸಂಬಂಧಿಕರಲ್ಲ. ಊರಿಗೆಲ್ಲ ಕಾಕಾ, ಹಾಗೆ ನನಗೂ ಕಾಕಾ. ಮೂಲ ಮನೋಳಿಯ ಕಡೆಯವರು, ಪೂಜೆಯ ಮನೆತನ. ಅವರ ತಂದೆ ಒಂದು ದೇವಿಯ ಗುಡಿಯಲ್ಲಿ ಪೂಜಾರಿಯಾಗಿದ್ದರಂತೆ. "ನಮ್ಮಪ್ಪ ದೇವಿಗೆ ಸೀರಿ ಉಡಸ್ತಿದ್ದ, ನಾ ಊರಿಗೆ ಉಡಸ್ತೇನಿ," ಎಂದು ನಗುತ್ತಿದ್ದರು. ಚಿಕ್ಕವರಿದ್ದಾಗ ಗರ್ಭಗುಡಿಯಲ್ಲಿ ತಂದೆಗೆ ಸೀರೆ ಎತ್ತಿ ಕೊಡುವ ಕೆಲಸ ಇವರದು. ದೀಪದ ಬೆಳಕಿನಲ್ಲಿ ಎಲ್ಲ ಸೀರೆಯೂ ಚಂದ ಕಾಣುತ್ತಿತ್ತು. ಅದೇ ಸೀರೆಯನ್ನು ಹೊರಗೆ ಒಣಹಾಕಿದರೆ ಇದಾ ಅದು ಎನ್ನುವಂತಿರುತ್ತಿತ್ತು. "ದೇವಿ ಶಾಣ್ಯಾಕಿ. ದೀಪದ ಮುಂದನ ಕೂಡತಾಳ, ಹೊರಗ ಬರಂಗೇ ಇಲ್ಲ," ಅನ್ನುತ್ತಿದ್ದರು. ಬಣ್ಣದ ಮೇಲಿನ ಅನುಮಾನ ಅವರಿಗೆ ಅಲ್ಲಿಂದ ಹತ್ತಿಕೊಂಡಿತು ಎಂದು ಕಾಣುತ್ತದೆ.

ಅವರನ್ನು ನೆನೆದರೆ ಮೊದಲು ಕಣ್ಣಿಗೆ ಬರುವುದು ಬಿಳಿ ಅಂಗಿ. ಉರಿಬೇಸಿಗೆಯಲ್ಲೂ ತುಂಬು ತೋಳಿನದು, ಮುಂಗೈಯ ಗುಂಡಿ ಹಾಕಿದ್ದು. ನನ್ನ ಹತ್ತಿರವೇ ಹೊಲಿಸುತ್ತಿದ್ದರು. ಒಮ್ಮೆ ಬಟ್ಟೆ ಉಳಿದಿದೆ ಎಂದು ತಿಳಿನೀಲಿಯಲ್ಲಿ ಒಂದು ಅಂಗಿ ಹೊಲಿದು ಕೊಟ್ಟೆ. ಹಾಕಿಕೊಳ್ಳಲಿಲ್ಲ. "ಬಣ್ಣದ ಅಂಗಿ ಹಾಕ್ಕೊಂಡು ಬಣ್ಣಾ ಹೇಳಬಾರದು ತಂಗಿ. ಅಂಗಿ ತನ್ನದೂ ಒಂದ ಮಾತ ನಡುವ ಹಾಕತದ." ಗಿರಾಕಿಗಳಿಗೂ ಇದೇ ಕಾಯಿದೆ. ಕೆಂಪು ಸೀರೆ ಉಟ್ಟವರು ಹತ್ತಿರ ನಿಂತರೆ, "ಅಕ್ಕಾರ, ಸ್ವಲ್ಪ ಹಿಂದ ಸರೀರಿ. ನಿಮ್ಮ ಸೀರಿ ನನ್ನ ಖಣಕ್ಕ ಕೆಂಪ ಬಳೀಲಿಕ್ಕೆ ಹತ್ತದ," ಅನ್ನುತ್ತಿದ್ದರು. ಕೆಲವರು ಸಿಟ್ಟಾಗುತ್ತಿದ್ದರು. ಹೆಚ್ಚಿನವರು ನಕ್ಕು ಸೆರಗು ಹಿಂದೆ ಎಳೆದುಕೊಳ್ಳುತ್ತಿದ್ದರು.

ಬಣ್ಣಕ್ಕೆ ಅವರು ಇಡುತ್ತಿದ್ದ ಹೆಸರುಗಳು ನಮ್ಮ ಸುತ್ತಲಿನವೇ. ಹಸಿ ಕಡಲೆ, ಒಣಗಿದ ಕಡಲೆ. ಉಳ್ಳಾಗಡ್ಡಿ ಸಿಪ್ಪೆ. ಗಿಳಿಯ ಬೆನ್ನು, ಗಿಳಿಯ ಹೊಟ್ಟೆ. ಸವದತ್ತಿ ದಾರಿಯ ಮಣ್ಣು, ಕಿತ್ತೂರು ದಾರಿಯ ಮಣ್ಣು. ಇವೆರಡರಲ್ಲಿ ಒಂದು ಕಪ್ಪಿಗೆ ಹತ್ತಿರ, ಇನ್ನೊಂದು ಕೆಂಪಿಗೆ. ಹಾಲು ಹಿಡಿದ ಜೋಳದ ತೆನೆ ಎಂದು ಒಂದು ಬಣ್ಣವಿತ್ತು. ಅದನ್ನು ಕೇಳಿದವರು ಮಾತಾಡದೆ ಖಣ ಕೊಂಡು ಹೋಗುತ್ತಿದ್ದರು, ಯಾಕೆಂದರೆ ಅದನ್ನು ಅವರು ಬೆಳಿಗ್ಗೆಯೇ ತಮ್ಮ ಹೊಲದಲ್ಲಿ ನೋಡಿ ಬಂದಿರುತ್ತಿದ್ದರು.

ಈ ಎಲ್ಲ ಹೆಸರು ಹುಟ್ಟುತ್ತಿದ್ದುದು ಬೆಳಕಿಂಡಿಯ ಕೆಳಗೆ. ಹಾಗಾಗಿ ವಖಾರದ ಬಗ್ಗೆ ಹೇಳದೆ ಕಾಕಾನ ಬಗ್ಗೆ ಹೇಳಲು ನನಗೆ ಬರುವುದಿಲ್ಲ.

ವಖಾರ ಮೊದಲು ಅರಳೆಯ ಗೋದಾಮು. ಪೇಟೆಯ ಬೀದಿಗೆ ಮುಖ ಮಾಡಿ ಕಲ್ಲಿನ ಎತ್ತರದ ಕಟ್ಟೆ, ಕಟ್ಟೆಯ ಮೇಲೆ ಸಾಗವಾನಿ ಕಂಬಗಳ ಸಾಲು, ನಡುವೆ ಎತ್ತಿನಗಾಡಿ ಒಳಗೆ ಹೋಗುವಷ್ಟು ದೊಡ್ಡ ಕಮಾನಿನ ಬಾಗಿಲು. ಹೊಸ್ತಿಲ ಕಲ್ಲಿನಲ್ಲಿ ಗಾಡಿಯ ಗಾಲಿ ಉಜ್ಜಿ ಎರಡು ತಗ್ಗು ಬಿದ್ದಿದ್ದವು. ಮಳೆಗಾಲದಲ್ಲಿ ಅವುಗಳಲ್ಲಿ ನೀರು ನಿಂತು ಎರಡು ಉದ್ದನೆಯ ಕನ್ನಡಿಗಳಾಗುತ್ತಿದ್ದವು. ಗೋಡೆಗಳು ಎಷ್ಟು ದಪ್ಪವೆಂದರೆ ಕಿಟಕಿಯ ಗೂಡಿನಲ್ಲಿ ನಾನು ಮಧ್ಯಾಹ್ನ ಕಾಲು ಮಡಚಿ ಮಲಗುತ್ತಿದ್ದೆ. ಒಳಗೆ ಹೋದರೆ ದೊಡ್ಡ ಪಡಸಾಲೆ, ಸುತ್ತ ಕಂಬಗಳು, ಮೇಲೆ ನಾಲ್ಕೂ ಕಡೆ ಕಟಾಂಜನವಿರುವ ಅಟ್ಟ. ಅಟ್ಟದ ಒಂದು ತೊಲೆಗೆ ಕಬ್ಬಿಣದ ಗಾಲಿ ಇನ್ನೂ ಜೋತಾಡುತ್ತಿತ್ತು, ಹತ್ತಿಯ ಅಂಡಿಗೆಗಳನ್ನು ಹಗ್ಗ ಹಾಕಿ ಎತ್ತುತ್ತಿದ್ದದ್ದು. ಅರಳೆಯ ವ್ಯಾಪಾರ ಬೇರೆ ಕಡೆ ಹೋದ ಮೇಲೆ ಕಟ್ಟಡದ ಧಣಿಗಳು ಪಡಸಾಲೆಯ ಸುತ್ತ ಹಲಗೆ ಹೊಡೆದು ಅಂಗಡಿಗಳನ್ನು ಮಾಡಿದರು. ಬಟ್ಟೆಯವರು, ಬಳೆಯವರು, ಕನ್ನಡಿಯವರು, ಆಮೇಲೆ ನನ್ನ ಮಷಿನ್ನು.

ಮಾಳಿಗೆಯ ನಡುವೆ ಚೌಕಾಗಿ ಜಾಗ ಬಿಟ್ಟು, ಅದರ ಮೇಲೆ ಮರದ ಚೌಕಟ್ಟು ಎಬ್ಬಿಸಿ ಗಾಜು ಕೂಡಿಸಿದ್ದರು. ಅದೇ ಬೆಳಕಿಂಡಿ. ಅದು ಅಲ್ಲಿ ಯಾಕೆ ಇದೆ ಎಂದು ಕೇಳಿದವರಿಗೆ ಕಾಕಾ ಹೇಳುತ್ತಿದ್ದ ಕಾರಣ ನನಗೆ ಇಷ್ಟ. ಅರಳೆ ತುಂಬಿದ ಮನೆಯೊಳಗೆ ದೀಪ ತರುವ ಹಾಗಿರಲಿಲ್ಲ. ಒಂದು ಕಿಡಿ ಬಿದ್ದರೆ ಪೇಟೆಯೇ ಹೋಗುತ್ತಿತ್ತು. ಆದರೆ ಅರಳೆ ಕೊಳ್ಳುವವನಿಗೆ ಅದರ ಬಿಳುಪು ಕಾಣಬೇಕು, ಹಳದಿ ತಿರುಗಿದೆಯೋ ಇಲ್ಲವೋ ಗೊತ್ತಾಗಬೇಕು. ಅದಕ್ಕೆ ಬೆಳಕನ್ನು ಮೇಲಿಂದ ಇಳಿಸಿದರು. "ಬೆಂಕಿ ಅಂಜಿಕಿಗೆ ಕಟ್ಟಿದ ಬೆಳಕು ಇದು, ತಂಗಿ. ಬಿಳೀದನ್ನ ನೋಡಾಕ ಕಟ್ಟಿದ್ದು. ಬಿಳಿ ಖರೇ ಕಂಡ್ರ ಉಳಿದ ಬಣ್ಣಾ ಎಲ್ಲಾ ಖರೇ ಕಾಣತಾವ."

ಕಟ್ಟಿದವರ ಕಥೆ ಮಾತ್ರ ದಿನಕ್ಕೊಂದು. ಎಲ್ಲೋ ಹೊರದೇಶದಲ್ಲಿ ಯಾರೋ ಬಡಿದಾಡಿಕೊಂಡರಂತೆ, ಇಲ್ಲಿ ಅರಳೆಯ ಧಾರಣೆ ಏರಿತಂತೆ, ಆ ವರ್ಷ ಖಾನಾಪುರದ ಕಾಡಿನಿಂದ ಎತ್ತಿನಗಾಡಿಯ ಮೇಲೆ ತೊಲೆ ಬಂದವಂತೆ. ಇದು ಒಂದು. ಇನ್ನೊಂದರಲ್ಲಿ ತೊಲೆಗಳು ಮಲಪ್ರಭೆಯ ಹೊಳೆಯಲ್ಲಿ ತೇಲಿಕೊಂಡು ಬರುತ್ತಿದ್ದವು. ಕಿತ್ತೂರಿನಿಂದ ಹಳೆಯ ಕಟ್ಟಡಗಳನ್ನು ನೋಡುತ್ತ ಬಂದಿದ್ದ ಒಬ್ಬ ಮಾಸ್ತರರಿಗೆ ಹೊಳೆಯ ಕಥೆ ಹೇಳಿದರು. ಅವರು ಹೋದ ಮೇಲೆ ನಾನು ಕೇಳಿದೆ.

"ಮೊನ್ನೆ ಗಾಡಿ ಅಂದಿದ್ರಿ. ಇವತ್ತ ಹೊಳಿ ಅಂದ್ರಿ. ಯಾವದು ಖರೆ?"

"ಮಾಸ್ತರು ಬಿಸಲಾಗ ನಡದ ಬಂದಿದ್ರು. ಅವರಿಗೆ ಹೊಳಿ ಬೇಕಾಗಿತ್ತು."

"ಬಣ್ಣಾ ಅಂದ್ರ ಅಷ್ಟ ಖರೇ ಹೇಳ್ತೀರಿ, ಇದನ್ನ ಯಾಕ ಹಿಂಗ ಮಾಡ್ತೀರಿ?"

"ಬಣ್ಣಾ ನನ್ನ ಕಣ್ಣಿಗೆ ಕಾಣತದ, ತಂಗಿ. ತೊಲಿ ಬಂದಾಗ ನಾ ಎಲ್ಲಿದ್ದೆ?"

ಗಾಳಿ ಬಿಟ್ಟ ದಿನಗಳಲ್ಲಿ ಜಂತೆಗಳ ಸಂದಿಯಿಂದ ಹಳೆಯ ಅರಳೆಯ ಎಳೆಗಳು ಉದುರುತ್ತಿದ್ದವು. ಯಾವ ಕಾಲದ ಅರಳೆಯೋ, ಯಾರ ಹೊಲದ್ದೋ. ಬೆಳಕಿನ ಕಂಬದೊಳಗೆ ಬಂದಾಗ ಮಾತ್ರ ಕಾಣುತ್ತಿದ್ದವು. ಅವು ಕೆಳಗೆ ಬೀಳುತ್ತಿವೆಯೋ ಮೇಲೆ ಹೋಗುತ್ತಿವೆಯೋ ತಿಳಿಯುತ್ತಿರಲಿಲ್ಲ. ಆ ಹೊತ್ತಿಗೆ ಗಿರಾಕಿ ಇಲ್ಲದಿದ್ದರೆ ಕಾಕಾ ಅಂಗಡಿಯ ಹಲಗೆಗೆ ಒರಗಿ ನೋಡುತ್ತ ಕೂಡುತ್ತಿದ್ದರು. ನನ್ನ ಮಷಿನ್ನು ತಾನಾಗಿ ನಿಂತಿರುತ್ತಿತ್ತು. ಹೊರಗೆ ಬಸ್ಸಿನ ಹಾರ್ನು, ಮೆಣಸಿನಕಾಯಿ ಮಾರುವವನ ಕೂಗು, ಒಳಗೆ ಆ ಎಳೆಗಳು. ಎಚ್ಚರದಲ್ಲಿದ್ದೇ ಕನಸು ಬಿದ್ದ ಹಾಗೆ ಇರುತ್ತಿತ್ತು. ಒಮ್ಮೊಮ್ಮೆ ಒಂದು ಎಳೆ ಅವರ ಬಿಳಿ ಅಂಗಿಯ ಮೇಲೆ ಕೂತರೆ, ಅದನ್ನು ಝಾಡಿಸದೆ ಹಾಗೇ ಸಂಜೆ ಮನೆಗೆ ಒಯ್ಯುತ್ತಿದ್ದರು.

ಆ ವಖಾರದಲ್ಲಿ ಒಂದು ಪದ್ಧತಿ ಇತ್ತು. ಯಾವ ಅಂಗಡಿಯ ಬಟ್ಟೆಯೇ ಆಗಲಿ, ಕೊಳ್ಳುವ ಮೊದಲು ಪಡಸಾಲೆಗೆ ತಂದು ಬೆಳಕಿಂಡಿಯ ಕೆಳಗೆ ಹಿಡಿದು ನೋಡಬೇಕು. ವ್ಯಾಪಾರಿಯೇ, "ಬೆಳಕಿಗೆ ಒಯ್ದು ನೋಡ್ರಿ," ಎಂದು ಕಳಿಸುತ್ತಿದ್ದ. ಅಲ್ಲಿ ಒಪ್ಪಿದರೆ ಮುಗಿಯಿತು, ಆಮೇಲೆ ತಕರಾರು ಇಲ್ಲ. ರಾಮದುರ್ಗ, ಸವದತ್ತಿ ಕಡೆಯ ಜನವೂ ಮದುವೆಯ ಬಟ್ಟೆಗೆ ಬೈಲಹೊಂಗಲಕ್ಕೆ ಬರುತ್ತಿದ್ದುದು ಈ ನಂಬಿಕೆಯ ಮೇಲೆ. ಆ ನಂಬಿಕೆ ನಮ್ಮನ್ನು ಒಮ್ಮೆ ಎಲ್ಲಿಗೆ ಒಯ್ದಿತು ಎಂದು ಹೇಳುತ್ತೇನೆ.

ಒಂದು ಬೇಸಿಗೆ ಆಣೆಕಲ್ಲು ಮಳೆ ಬಿದ್ದು ಬೆಳಕಿಂಡಿಯ ಗಾಜು ಒಡೆಯಿತು. ಕಾಕಾ ಊರಲ್ಲಿರಲಿಲ್ಲ. ರಾಮದುರ್ಗದಲ್ಲಿದ್ದ ತಮ್ಮನ ಮಗನ ಮನೆಗೆ, ತೊಟ್ಟಿಲ ಕಾರ್ಯಕ್ಕೆ ಹೋಗಿದ್ದರು. ಖಣದ ಅಂಗಡಿ ನನ್ನ ಸುಪರ್ದಿಯಲ್ಲಿತ್ತು. ನೀರು ಒಳಗೆ ಬರುತ್ತಿದೆ ಎಂದು ನಾವು ಕೂಗಾಡಿದ್ದಕ್ಕೆ ಕಟ್ಟಡದ ಧಣಿಗಳ ಕಡೆಯವನೊಬ್ಬ ಬಂದು, ಒಡೆದ ಗಾಜಿನ ಜಾಗದಲ್ಲಿ ಹಸಿರು ಫೈಬರ್ ಶೀಟು ಹೊಡೆದು ಹೋದ. ನಮಗೆಲ್ಲ ಸಮಾಧಾನವಾಯಿತು. ಪಡಸಾಲೆ ತಂಪಾಗಿ, ಕೆರೆಯ ತಳದಲ್ಲಿ ಕುಳಿತ ಹಾಗಿತ್ತು. ಬಳೆಯವಳ ಮುಖ, ನನ್ನ ಕೈ, ಚಹಾದ ಲೋಟ ಎಲ್ಲ ತಿಳಿ ಹಸಿರು. ಎಷ್ಟು ಚಂದ ಕಾಣತೈತಿ ಎಂದು ನಾವೇ ಹೇಳಿಕೊಂಡೆವು.

ಆಗ ಕಟಕೋಳದಿಂದ ಒಂದು ಮದುವೆಯ ಮನೆಯವರು ಬಂದರು. ಪಕ್ಕದ ಧಣಿಯ ಹತ್ತಿರ ಸೀರೆ ತೆಗೆದರು, ನನ್ನ ಹತ್ತಿರ ಖಣ. ಎಲ್ಲವನ್ನೂ ಪದ್ಧತಿಯಂತೆ ಪಡಸಾಲೆಗೆ ಒಯ್ದು ನೋಡಿದರು. ಬೀಗತಿಗೆ ಹಸಿರು ಸೀರೆಯೇ ಬೇಕೆಂದು ಹುಡುಕಿ ಒಂದನ್ನು ಎತ್ತಿದರು. ಧಣಿಗೆ ಅದು ಹಸಿರಲ್ಲ ಎಂದು ಗೊತ್ತಿರಬೇಕಿತ್ತು, ತಾನೇ ತರಿಸಿದ ಮಾಲು. ಆದರೆ ಬೆಳಕಿನ ಕೆಳಗೆ ನಿಂತು ಅವನೂ ಕಣ್ಣುಜ್ಜಿಕೊಂಡ. "ಬೆಳಕಿನ್ಯಾಗ ಹಸರ ಕಾಣತೈತಿ ಅಂದ ಮ್ಯಾಲೆ ಹಸರನ ಇರಬೇಕು. ನನಗ ಚಾಳೀಸ ಬಂತು ಕಾಣತೈತಿ," ಅಂದ. ಎದುರಿಗೇ ದೊಡ್ಡ ಬಾಗಿಲು, ಬಾಗಿಲಾಚೆ ಉರಿಯುವ ಬಿಸಿಲು. ಒಬ್ಬರಿಗೂ ಹೊರಗೆ ಒಯ್ದು ನೋಡೋಣ ಎನಿಸಲಿಲ್ಲ. ಬೆಳಕಿಂಡಿಯನ್ನು ಅನುಮಾನಿಸುವುದು ನಮಗೆ ಗೊತ್ತೇ ಇರಲಿಲ್ಲ.

ಮರುದಿನವೇ ಟೆಂಪೋ ಮಾಡಿಕೊಂಡು ಬಂದರು. ಮುಂದೆ ಮದುಮಗಳ ಸೋದರತ್ತೆ, ಕಂಕುಳಲ್ಲಿ ಗಂಟು.

"ಎಲ್ಲಿ ಅದಾನ್ರಿ ಆ ಧಣಿ? ನಮ್ಮ ಬೀಗತಿಗಿ ಬಿಳಿ ಸೀರಿ ಉಡಸಾಕ ಕೊಟ್ಟೀರಲ್ಲ? ಆಕಿ ಗಂಡ ಕಲ್ಲಗುಂಡಿನಂಗ ಕುಂತು ರೊಟ್ಟಿ ತಿನ್ನಾಕ ಹತ್ಯಾನ!"

"ನೀವ ಹಸರ ಅಂದ್ರೆಲ್ರಿ, ಅಕ್ಕಾರ," ಅಂದ ಧಣಿ.

"ನೀವೂ ಅಂದ್ರಿ! ಈ ತಂಗೀನೂ ಅಂದಳು! ಹೌದಲ್ಲವಾ?"

ನಾನು ಹೌದೆಂದೆ. ಮತ್ತೇನು ಹೇಳಲಿ? ಗಂಟು ಬಿಚ್ಚಿದರು. ಪಡಸಾಲೆಯಲ್ಲಿ ಹರವಿದರೆ ಸೀರೆ ಮತ್ತೆ ಹಸಿರಾಗಿಯೇ ಕಾಣಿಸಿತು. "ಇದೇನ ಮಾಟ ಐತೇನ್ರಿ ಇಲ್ಲೆ?" ಎಂದು ಸೋದರತ್ತೆ ಹಿಂದೆ ಸರಿದಳು. ಅಷ್ಟರಲ್ಲಿ ರಾಮದುರ್ಗದ ಬಸ್ಸಿಳಿದು ಕಾಕಾ ಬಂದರು. ಕಮಾನಿನ ಕೆಳಗೇ ನಿಂತು ಒಮ್ಮೆ ನಮ್ಮನ್ನು, ಒಮ್ಮೆ ಮೇಲೆ ನೋಡಿದರು. ಛತ್ರಿ ಕೆಳಗಿಟ್ಟು ನಗಲು ಹತ್ತಿದರು. ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಆಮೇಲೆ ಆ ಸೀರೆಯ ಒಂದು ತುದಿ ಹಿಡಿದುಕೊಂಡು ಹೊರಗಿನ ಕಟ್ಟೆಗೆ ನಡೆದರು. ಇನ್ನೊಂದು ತುದಿ ಸೋದರತ್ತೆಯ ಕೈಯಲ್ಲಿತ್ತು, ಅವಳೂ ಹಿಂದೆಯೇ ಹೋದಳು. ಹೊಸ್ತಿಲು ದಾಟುತ್ತಿದ್ದಂತೆ ಸೀರೆ ಅರ್ಧ ಹಸಿರು, ಅರ್ಧ ಮೊಸರಿನ ಬಣ್ಣ. ಬೀದಿಯ ಜನ ನಿಂತು ನೋಡಿದರು.

"ಅವ್ವಾರ, ತಪ್ಪ ನಿಮ್ಮದೂ ಅಲ್ಲ, ಧಣಿದೂ ಅಲ್ಲ. ಬೆಳಕಿಗೆ ಕಾಮಣಿ ಆಗೇದ," ಅಂದರು ಕಾಕಾ, ಕಾಮಾಲೆ ಹತ್ತಿದವರ ಕಣ್ಣು ನೋಡಿ ಹೇಳುವ ವೈದ್ಯರ ಹಾಗೆ. ಸೋದರತ್ತೆಗೂ ನಗೆ ಬಂತು. ಎಲ್ಲ ಬಟ್ಟೆಯನ್ನೂ ಕಟ್ಟೆಯ ಮೇಲೆ ಹರವಿ ಬದಲಿಸಿಕೊಟ್ಟರು. ಗಾಜು ಬರುವ ತನಕ ಕಾಕಾ ಒಳಗೆ ಒಂದು ಖಣವನ್ನೂ ತೋರಿಸಲಿಲ್ಲ. ಕಟ್ಟೆಯ ಮೇಲೆ ಕುಳಿತು ಹೋಗಿಬರುವವರ ಜೊತೆ ಹರಟೆ ಹೊಡೆದರು. ಶೀಟು ತೆಗೆಸಲು ಅವರು ಅಟ್ಟ ಹತ್ತಿ ನಿಂತಿದ್ದಾಗ ಮಾತ್ರ ನಗುತ್ತಿರಲಿಲ್ಲ. "ಇಷ್ಟ ಸಣ್ಣ ಶೀಟಿಗೆ ಇಷ್ಟ ಆತು. ಬೆಳಕ ಪೂರ್ತಿ ಹ್ವಾದ್ರ?" ಎಂದು ನನ್ನನ್ನು ಕೇಳಿದರು. ನಾನು ಅದನ್ನು ಅಷ್ಟಾಗಿ ಮನಸ್ಸಿಗೆ ಹಾಕಿಕೊಳ್ಳಲಿಲ್ಲ.

ಆದರೆ ಬೆಳಕು ಪೂರ್ತಿ ಹೋಗುವ ಆ ಮಾತು ಬಂತು. ಕಟ್ಟಡದ ಧಣಿಗಳ ಮಕ್ಕಳೆಲ್ಲ ದೂರದ ಊರುಗಳಲ್ಲಿದ್ದರು. ವಖಾರ ಕೆಡವಿ ಕಾಂಪ್ಲೆಕ್ಸ್ ಕಟ್ಟುವುದೆಂದು ಗೊತ್ತಾಯಿತು. ಮಾಳಿಗೆಯ ಮಣ್ಣು ಸೋರುತ್ತಿತ್ತು, ಒಂದೆರಡು ಜಂತೆಗೆ ಗೆದ್ದಲು ಹತ್ತಿತ್ತು, ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಬಾಡಿಗೆಯವರಿಗೆಲ್ಲ ಹೊಸದರಲ್ಲಿ ಮಳಿಗೆ ಕೊಡುತ್ತೇವೆ ಎಂದರು. ಕಾಕಾ ಜಗಳ ಮಾಡಲಿಲ್ಲ. ಅಳತೆಗೆ ಬಂದ ಇಂಜಿನಿಯರ್ ಹುಡುಗನನ್ನು ಮಾತ್ರ ಹಿಡಿದು ನಿಲ್ಲಿಸಿದರು.

"ನಡುವ ಬೆಳಕಿಗೆ ಏನ ಮಾಡೀರಿ, ಸಾಹೇಬರ?"

"ಡಕ್ಟ್ ಬಿಡತೇವ್ರಿ, ಕಾಕಾರ."

"ಹಂಗಂದ್ರ?"

"ಮ್ಯಾಲಿಂದ ತಳದ ಮಟಾ ಖುಲ್ಲಾ ಜಾಗಾ. ಗಾಳಿ ಬೆಳಕು ಬರತಾವ."

"ಬೆಳಕ ನೆಲಕ್ಕ ಮುಟ್ಟತದೋ, ನಡುವ ಗ್ವಾಡಿಗೆ ಬಂದು ನಿಂತ ಬಿಡತದೋ?"

ಹುಡುಗ ಮೊದಲ ಸಲ ಕತ್ತೆತ್ತಿ ಬೆಳಕಿಂಡಿಯನ್ನು ನೋಡಿದ. ಸ್ವಲ್ಪ ಹೊತ್ತು ನೋಡಿದ. "ಮುಟ್ಟತೈತ್ರಿ," ಅಂದ. ಹೇಳುವಾಗ ಅವನಿಗೂ ಹಾಗೆ ಆಗಲಿ ಎಂದು ಅನ್ನಿಸಿರಬೇಕು. ಅಂದಿನಿಂದ ಕಾಕಾ ಕೇಳಿದವರಿಗೆಲ್ಲ ಹೊಸ ಕಟ್ಟಡದಲ್ಲೂ ಬೆಳಕು ನೆಲಕ್ಕೆ ಮುಟ್ಟುತ್ತದೆ ಎಂದು ಹೇಳುತ್ತಿದ್ದರು. ತೊಲೆ ಹೊಳೆಯಲ್ಲಿ ತೇಲಿ ಬಂದ ಕಥೆ ಹೇಳುವಾಗಿನ ದನಿಯಲ್ಲೇ ಹೇಳುತ್ತಿದ್ದರು. ಹಾಗಾಗಿ ಅವರು ಅದನ್ನು ನಂಬಿದ್ದರೋ ಇಲ್ಲವೋ ನನಗೆ ಇವತ್ತಿಗೂ ತಿಳಿಯದು.

ಅವರು ಹೋದ ಮೇಲೆ ರಾಮದುರ್ಗದಿಂದ ತಮ್ಮನ ಮಗ ಬಂದು ಅಂಗಡಿ ಖಾಲಿ ಮಾಡಿದ. ಉಳಿದ ಖಣಗಳನ್ನು ಗುಳೇದಗುಡ್ಡಕ್ಕೇ ಮರಳಿ ಕಳಿಸಿದ. ನಾನು ಅವನ ಹತ್ತಿರ ನೇಕಾರನ ನಂಬರು ಕೇಳಿ ಇಸಿದುಕೊಂಡು ಫೋನು ಮಾಡಿದೆ. ಅವನ ದನಿಯೂ ಮುದುಕನದೇ.

"ಕಾಕಾರು ಏನಂತ ಅಂದಿದ್ರು, ಅಕ್ಕಾರ? ಹೆಸರ ಹೇಳ್ರಿ, ನೇಯತೇನಿ."

"ಹೆಸರ ಹೇಳಲಿಲ್ಲರಿ. ಮರದಿನ ಹೇಳತೇನಿ ಅಂದಿದ್ರು."

ಆ ಕಡೆ ಮಗ್ಗದ ಸದ್ದು ಕೇಳುತ್ತಿತ್ತು. ಫೋಟೋ ಕಳಿಸಿದೆ. ಫೋಟೋದಲ್ಲಿ ಕೆಂಪು ಬರುತ್ತದೆ ಎಂದ. ಸೆರಗಿನ ಅಂಚಿನಿಂದ ಒಂದು ಎಳೆ ಬಿಚ್ಚಿ ಅಂಚೆಯಲ್ಲಿ ಕಳಿಸಿದೆ. ಅವನು ಅದನ್ನು ನೋಡಿ ನೇಯ್ದು ಕಳಿಸಿದ. ಖಣ ಆ ಎಳೆಗೆ ಸರಿಯಾಗಿತ್ತು. ಸೀರೆಗೆ ಆಗಲಿಲ್ಲ. ಅಂಚಿನಲ್ಲಿ ಅವ್ವನ ಬಿಸಿಲು ಬಿದ್ದಿರಲಿಲ್ಲ, ಅವಳು ಸೆರಗು ಸಿಕ್ಕಿಸುತ್ತಿದ್ದ ಜಾಗದ ಬಣ್ಣವೇ ಬೇರೆ, ಮಡಿಲಿನದು ಬೇರೆ. ಎಲ್ಲ ಸೇರಿ ಒಂದೇ ಬಣ್ಣವಾಗಿ ಕಾಣುವುದು ದೂರ ಹಿಡಿದು ನೋಡಿದಾಗ. ಹಾಗೆ ನೋಡಿ ಹೆಸರು ಹಿಡಿಯುವುದು ಕಾಕಾನ ಕೆಲಸವಾಗಿತ್ತು.

ವಖಾರ ಬಿಟ್ಟುಕೊಡುವ ದಿನ ನಾನು ಸೀರೆ ಒಯ್ದಿದ್ದೆ. ಎಲ್ಲರೂ ಸಾಮಾನು ಸಾಗಿಸುತ್ತಿದ್ದರು. ಬೆಳಕು ಎರಡನೆಯ ಕಂಬದ ಬುಡಕ್ಕೆ ಬಂದಾಗ ಸೀರೆಯನ್ನು ಮುಂಗೈಗಳ ಮೇಲೆ ಹರವಿಕೊಂಡು ನಡುವೆ ನಿಂತೆ. ಅಂದು ಬೇಕೆಂದೇ ಬಿಳಿ ಸೀರೆಯ ಹಾಗಿರುವುದನ್ನು ಉಟ್ಟಿದ್ದೆ. ಮುಖ ಹತ್ತಿರ ತಂದೆ, ದೂರ ಮಾಡಿದೆ. ಪಕ್ಕದ ಧಣಿ ಕಪಾಟು ಹೊರಿಸುತ್ತಿದ್ದವನು ನಿಂತ.

"ಉಳ್ಳಾಗಡ್ಡಿ ಸಿಪ್ಪಿ ಅನ್ನವಾ."

"ಹತ್ತರ ಐತ್ರಿ. ಅದಲ್ಲ," ಅಂದೆ.

ಕಪಾಟು ಹೊತ್ತಿದ್ದ ಹಮಾಲ ಭಾರದ ಕೆಳಗಿಂದಲೇ, "ಮೊದಲ ಮಳಿ ಬಿದ್ದ ಹೊಲಾ ಇದ್ದಂಗ ಐತಿ," ಅಂದ. ಬಳೆಯವಳು ಬಂದು ಮುಟ್ಟಿ, ಹುರಿದ ಶೇಂಗಾದ ಸಿಪ್ಪೆ ಅಂದಳು. ಒಂದೊಂದು ಹೆಸರು ಹೇಳಿದಾಗಲೂ ಸೀರೆ ಆ ಕಡೆಗೆ ಸ್ವಲ್ಪ ವಾಲುತ್ತಿತ್ತು, ಮತ್ತೆ ತನ್ನ ಜಾಗಕ್ಕೆ ಬರುತ್ತಿತ್ತು. ಮೇಲಿಂದ ಅರಳೆಯ ಒಂದು ಎಳೆ ಇಳಿದು ಅದರ ಮೇಲೆ ಕೂತಿತು. ಆಗ ಒಂದು ಕ್ಷಣ ಕಾಕಾ ನನ್ನ ಬೆನ್ನ ಹಿಂದೆ ನಿಂತಿದ್ದಾರೆ, ಈಗ ಹೇಳುತ್ತಾರೆ ಎಂದು ಅನಿಸಿತು. ನಾನು ತಿರುಗಲಿಲ್ಲ. ಬೆಳಕು ಕಂಬವನ್ನು ದಾಟಿ ಮುಂದೆ ಹೋಯಿತು.

ಕೆಡವುವಾಗ ನೋಡಲು ಹೋಗಬಾರದೆಂದುಕೊಂಡಿದ್ದೆ. ಪೇಟೆಗೆ ಬೇರೆ ದಾರಿ ಇಲ್ಲ, ಹೋಗಲೇಬೇಕಾಯಿತು. ಅಟ್ಟದ ತೊಲೆಗಳನ್ನು ಎತ್ತಿದಾಗ ಸಂದಿಗಳಲ್ಲಿದ್ದ ಅರಳೆಯೆಲ್ಲ ಒಮ್ಮೆಗೇ ಬಿಟ್ಟಿತು. ಬೀದಿಯ ಮೇಲೆ, ಬಸ್ಸಿನ ಟಾಪಿನ ಮೇಲೆ, ಕಾಯಿಪಲ್ಲೆಯ ಬುಟ್ಟಿಗಳ ಮೇಲೆ ಬಿಳಿ ಎಳೆಗಳು ತೇಲುತ್ತ ಇಳಿದವು. ಜನ ತಲೆಗೂದಲಿಂದ ತೆಗೆದುಕೊಂಡು ಏನಿದು ಎಂದು ನೋಡುತ್ತಿದ್ದರು. ಒಬ್ಬ ಮುದುಕಿ ಅದನ್ನು ಬೆರಳಲ್ಲಿ ಹೊಸೆದು, "ಛಲೋ ಅರಳಿ ಐತಿ," ಅಂದಳು.

ಕಾಂಪ್ಲೆಕ್ಸ್ ಆಗಿದೆ. ನನಗೆ ಮೇಲಿನ ಮಹಡಿಯಲ್ಲಿ ಮಳಿಗೆ ಸಿಕ್ಕಿದೆ, ಶಟರ್ ಇದೆ, ಎಲ್‌ಇಡಿ ಇದೆ. ನಡುವೆ ಡಕ್ಟ್ ಬಿಟ್ಟಿದ್ದಾರೆ. ಅದರ ತುಂಬ ನೀರಿನ ಪೈಪುಗಳೂ ಎ.ಸಿ. ಡಬ್ಬಗಳೂ ಇವೆ. ನಾನು ಒಂದು ದಿನ ಬಗ್ಗಿ ನೋಡಿದೆ. ಬೆಳಕು ಎರಡನೆಯ ಮಹಡಿಯ ಗೋಡೆಗೆ ಬಂದು ನಿಂತಿತ್ತು. ದಾರದ ಬಣ್ಣ ನೋಡಬೇಕಾದರೆ ಮೆಟ್ಟಿಲಿಳಿದು ಬೀದಿಗೆ ಹೋಗುತ್ತೇನೆ. ಕೆಂಪು ಸೀರೆಯವರು ಹತ್ತಿರ ನಿಂತರೆ ಹಿಂದೆ ಸರಿಯಿರಿ ಎನ್ನುತ್ತೇನೆ. ಅವರು ಸಿಟ್ಟಾಗುತ್ತಾರೆ.

ಅವ್ವನ ವರ್ಷಾಂತಿಕ ಆಯಿತು. ಆಮೇಲೆ ಇನ್ನೊಂದು ವರ್ಷವೂ ಆಯಿತು. ಸೀರೆ ಕಪಾಟಿನಲ್ಲಿದೆ, ಗುಳೇದಗುಡ್ಡದಿಂದ ಬಂದ ಖಣ ಅದರ ಮೇಲಿದೆ. ನಾನು ಅದನ್ನು ಕತ್ತರಿಸಿಲ್ಲ. ನೇಕಾರ ಆಗಾಗ ಫೋನು ಮಾಡಿ ಹೆಸರು ಸಿಕ್ಕಿತೇ ಎಂದು ಕೇಳುತ್ತಾನೆ. ಸಿಕ್ಕಿಲ್ಲ.